ಪತ್ರಕ್ಕೆ ಉತ್ತರ ಬರಲಿಲ್ಲ: ಬೀಜಿಂಗ್‌ನ ಒಂದು ಹೆಣ್ಣುಮಕ್ಕಳ ಶಾಲೆ, 1966

1966ರ ಆಗಸ್ಟ್ 5ರಂದು ಬೀಜಿಂಗ್‌ನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಉಪ ಮುಖ್ಯೋಪಾಧ್ಯಾಯಿನಿಯನ್ನು ಅವರದೇ ವಿದ್ಯಾರ್ಥಿನಿಯರು ಹೊಡೆದು ಕೊಂದರು. ಅವರಿಗೆ ಆಗ 50 ವರ್ಷ. ನಾಲ್ಕು ಮಕ್ಕಳ ತಾಯಿ. ಆ ಶಾಲೆಯಲ್ಲೇ 17 ವರ್ಷ ಕೆಲಸ ಮಾಡಿದ್ದವರು. ಪಕ್ಷ ಮತ್ತು ಸಮಾಜದೊಳಗಿನ ಶತ್ರುಗಳನ್ನು ಗುಡಿಸಿ ಹಾಕುತ್ತೇವೆ ಎಂದು ಮಾವೋ 1966ರಲ್ಲಿ ಶುರುಮಾಡಿದ ಚೀನಾದ ಸಾಂಸ್ಕೃತಿಕ ಕ್ರಾಂತಿಯ ಬಗ್ಗೆ ಓದುವಾಗ ನಮಗೆ ಸಿಗುವುದು ಜಾಸ್ತಿ ಲಕ್ಷಗಳ ಲೆಕ್ಕ, ಮಾವೋ ಮತ್ತು ಅವರ ಎದುರಾಳಿಗಳ ಜಗಳ. ಆದರೆ ಒಂದು ಶುದ್ಧೀಕರಣ ಅಭಿಯಾನ ಮೇಲಿನಿಂದ ಇಳಿದು ಒಂದು ಶಾಲೆಯ ಅಂಗಳಕ್ಕೆ ಹೇಗೆ ಬರುತ್ತದೆ, ಎರಡು ತಿಂಗಳಲ್ಲಿ ಹದಿನೈದು ಹದಿನಾರರ ಹುಡುಗಿಯರ ಕೈಗೆ ದೊಣ್ಣೆ ಹೇಗೆ ಬರುತ್ತದೆ ಅನ್ನುವುದು ಅರ್ಥವಾಗಬೇಕಾದರೆ ಇಂಥ ಒಂದು ಪ್ರಕರಣವನ್ನು ದಿನ ದಿನವಾಗಿ ನೋಡಬೇಕು.

ಸತ್ತವರ ಹೆಸರು, ಶಾಲೆಯ ಹೆಸರು, ವಿದ್ಯಾರ್ಥಿನಿಯರ ಹೆಸರು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಯಾರು ಯಾವಾಗ ಏನು ತೀರ್ಮಾನ ತೆಗೆದುಕೊಂಡರು ಅನ್ನುವುದೇ ಇಲ್ಲಿ ಮುಖ್ಯ.

ಹಿನ್ನೆಲೆ

ಅದು ಸಾಮಾನ್ಯ ಶಾಲೆ ಆಗಿರಲಿಲ್ಲ. ಕಮ್ಯುನಿಸ್ಟ್ ಪಕ್ಷದ ದೊಡ್ಡ ನಾಯಕರ, ಮಂತ್ರಿಗಳ, ಸೇನಾಧಿಕಾರಿಗಳ ಹೆಣ್ಣುಮಕ್ಕಳು ಓದುತ್ತಿದ್ದ ಜಾಗ. ರಾಜಧಾನಿಯಲ್ಲಿ ಏನು ನಡೆಯುತ್ತಿದೆ ಅನ್ನುವುದು ಪತ್ರಿಕೆಯಲ್ಲಿ ಬರುವ ಮೊದಲೇ ಕೆಲವು ಹುಡುಗಿಯರಿಗೆ ಮನೆಯಲ್ಲೇ ಗೊತ್ತಾಗುತ್ತಿತ್ತು. ಇದು ಮುಂದೆ ಬಹಳ ಮುಖ್ಯವಾಗುತ್ತದೆ.

ಉಪ ಮುಖ್ಯೋಪಾಧ್ಯಾಯಿನಿಯೂ ಪಕ್ಷದ ಹೊರಗಿನವರಲ್ಲ. 1941ರಲ್ಲೇ, ಅಂದರೆ ಕಮ್ಯುನಿಸ್ಟರು ಅಧಿಕಾರಕ್ಕೆ ಬರುವುದಕ್ಕೆ ಎಂಟು ವರ್ಷ ಮೊದಲೇ ಸದಸ್ಯೆ ಆದವರು. ಅಧಿಕಾರ ಸಿಕ್ಕ ಮೇಲೆ ಸೇರಿಕೊಂಡವರ ಸಾಲಿನವರಲ್ಲ, ಅಪಾಯ ಇದ್ದಾಗ ಸೇರಿದವರು. ಪತಿ ಇತಿಹಾಸ ಸಂಶೋಧಕರು. ಶಾಲೆಯಲ್ಲಿ ಪಕ್ಷದ ಜವಾಬ್ದಾರಿಯೂ ಅವರ ಮೇಲೆಯೇ ಇತ್ತು.

ಇನ್ನೊಂದು ಹಿನ್ನೆಲೆ 1957ರದು. ಆ ವರ್ಷ ಪಕ್ಷವೇ ಜನರನ್ನು ಟೀಕೆ ಮಾಡಿ ಎಂದು ಕರೆಯಿತು. ಮಾತಾಡಿದವರನ್ನು ಆಮೇಲೆ ಬಲಪಂಥೀಯರು ಎಂದು ಹಣೆಪಟ್ಟಿ ಹಚ್ಚಿತು. ಹಾಗೆ ಸಿಕ್ಕಿಬಿದ್ದವರು ಸುಮಾರು 5.5 ಲಕ್ಷ ಜನ. ಅವರಲ್ಲಿ ಮೇಷ್ಟ್ರುಗಳು, ಬರಹಗಾರರು, ಎಂಜಿನಿಯರುಗಳು ಬಹಳ. ಅಲ್ಲಿಂದ ಮುಂದೆ ಚೀನಾದ ಪ್ರತಿ ಶಾಲೆ, ಪ್ರತಿ ಕಚೇರಿಯಲ್ಲಿ ಒಂದು ಪಾಠ ಗಟ್ಟಿಯಾಯಿತು: ಪಕ್ಕದವನ ಮೇಲೆ ಆರೋಪ ಬಂದರೆ ಬಾಯಿ ಮುಚ್ಚಿಕೊಂಡಿರಬೇಕು, ಇಲ್ಲವಾದರೆ ತಾನೂ ಆರೋಪಿಸಬೇಕು. 1966ರಲ್ಲಿ ಆ ಶಾಲೆಯ ಸಹೋದ್ಯೋಗಿಗಳು ಯಾಕೆ ಸುಮ್ಮನಿದ್ದರು ಎಂದು ಕೇಳುವವರು ಈ ಒಂಬತ್ತು ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸಮಸ್ಯೆ ಶುರುವಾದದ್ದು

1966ರ ಮೇ 16ರಂದು ಪಕ್ಷದ ಕೇಂದ್ರ ಸಮಿತಿ ಒಂದು ಸುತ್ತೋಲೆ ಹೊರಡಿಸಿತು. ಪಕ್ಷದೊಳಗೆ, ಸರ್ಕಾರದೊಳಗೆ, ಸೇನೆಯೊಳಗೆ, ಶಿಕ್ಷಣ ಮತ್ತು ಸಂಸ್ಕೃತಿ ವಲಯದೊಳಗೆ ಬಂಡವಾಳಶಾಹಿಗಳ ಪ್ರತಿನಿಧಿಗಳು ನುಸುಳಿದ್ದಾರೆ ಎಂಬುದು ಅದರ ಸಾರ. ಬೀಜಿಂಗ್ ಮೇಯರ್ ಪೆಂಗ್ ಝೆನ್ ಮತ್ತು ಅವರ ನಗರ ಸಮಿತಿ ಉರುಳಿತು. ಜೂನ್ 1ರಂದು ಪೀಪಲ್ಸ್ ಡೈಲಿ ಪತ್ರಿಕೆ, ಎಲ್ಲಾ ದುಷ್ಟಶಕ್ತಿಗಳನ್ನು ಗುಡಿಸಿ ಹಾಕಿ ಎಂಬ ಅರ್ಥದ ಸಂಪಾದಕೀಯ ಬರೆಯಿತು. ಅದೇ ದಿನ ಸಂಜೆ, ಪೀಕಿಂಗ್ ವಿಶ್ವವಿದ್ಯಾಲಯದ ಆಡಳಿತದ ವಿರುದ್ಧ ಬರೆದಿದ್ದ ಒಂದು ಗೋಡೆ ಪೋಸ್ಟರನ್ನು ಮಾವೋ ಒಪ್ಪಿಗೆಯ ಮೇಲೆ ರೇಡಿಯೋದಲ್ಲಿ ಇಡೀ ದೇಶಕ್ಕೆ ಓದಿ ಹೇಳಿದರು.

ಮಾರನೇ ದಿನವೇ ನಮ್ಮ ಈ ಶಾಲೆಯ ಗೋಡೆಗಳ ಮೇಲೆ ಪೋಸ್ಟರ್ ಬಂತು. ಯಾರ ಮೇಲೆ ಬರೆಯಬೇಕು ಎಂದು ರೇಡಿಯೋ ಹೇಳಿರಲಿಲ್ಲ. ಆದರೆ ಯಾವ ಕುರ್ಚಿಯಲ್ಲಿ ಕೂತವರ ಮೇಲೆ ಬರೆಯಬೇಕು ಎಂಬುದು ಸ್ಪಷ್ಟವಿತ್ತು. ಶಾಲೆಯ ಆಡಳಿತದವರು ಉರುಳಿದ ನಗರ ಸಮಿತಿಯ ಕೈಕೆಳಗೆ ಕೆಲಸ ಮಾಡಿದವರು, ಹಾಗಾಗಿ ಅವರೂ ಅದೇ ಕೂಟದವರು ಎಂಬುದು ವಾದ. ಬೇರೆ ಪುರಾವೆ ಬೇಕಾಗಿರಲಿಲ್ಲ.

ಬಂದ ಆರೋಪಗಳಲ್ಲಿ ಒಂದನ್ನು ಹೇಳಲೇಬೇಕು. ಅದೇ ವರ್ಷ ಮಾರ್ಚ್‌ನಲ್ಲಿ ಹೆಬೈ ಪ್ರಾಂತ್ಯದ ಶಿಂಗ್‌ತಾಯ್‌ನಲ್ಲಿ ದೊಡ್ಡ ಭೂಕಂಪ ಆಗಿತ್ತು, ಬೀಜಿಂಗ್‌ನಲ್ಲೂ ನೆಲ ನಡುಗಿತ್ತು. ಮತ್ತೆ ಭೂಕಂಪ ಆದರೆ ತಕ್ಷಣ ತರಗತಿಯಿಂದ ಬಯಲಿಗೆ ಓಡಿಬನ್ನಿ ಎಂದು ಉಪ ಮುಖ್ಯೋಪಾಧ್ಯಾಯಿನಿ ಮಕ್ಕಳಿಗೆ ಹೇಳಿದರು. ಗೋಡೆಯ ಮೇಲಿನ ಮಾವೋ ಚಿತ್ರವನ್ನು ತೆಗೆದುಕೊಂಡು ಬರಬೇಕಾ ಎಂದು ಒಬ್ಬಳು ಕೇಳಿದಳು. ಅದಕ್ಕೆ ಅವರು ನೇರ ಉತ್ತರ ಕೊಡದೆ ಬೇಗ ಹೊರಗೆ ಬನ್ನಿ ಎಂದಷ್ಟೇ ಹೇಳಿದರು. ಮಕ್ಕಳ ಜೀವ ಮೊದಲು ಎಂದು ಯಾವ ಟೀಚರ್ ಆದರೂ ಹೇಳುವ ಮಾತು, ಅಲ್ವಾ? ಮೂರು ತಿಂಗಳ ಮೇಲೆ ಅದು ಮಾವೋ ಮೇಲಿನ ದ್ವೇಷಕ್ಕೆ ಸಾಕ್ಷಿಯಾಯಿತು.

ಏನೇನು ಪ್ರಯತ್ನ ಆಯಿತು

ಮೊದಲ ಪ್ರಯತ್ನ ಸರ್ಕಾರದ್ದು. ಶಾಲೆ ಕಾಲೇಜುಗಳಲ್ಲಿ ಗಲಾಟೆ ಹೆಚ್ಚಿದಾಗ ದೇಶದ ಅಧ್ಯಕ್ಷ ಲಿಯು ಶಾವೊಚಿ ಮತ್ತು ಪಕ್ಷದ ಪ್ರಧಾನ ಕಾರ್ಯದರ್ಶಿ ಡೆಂಗ್ ಶಿಯಾವೊಪಿಂಗ್ ಹಳೆಯ ಪದ್ಧತಿಯಂತೆ ಪಕ್ಷದ ಕಾರ್ಯತಂಡಗಳನ್ನು ಕಳಿಸಿದರು. ಈ ಶಾಲೆಗೂ ಜೂನ್ ಮೊದಲ ವಾರದಲ್ಲೇ ಒಂದು ತಂಡ ಬಂತು. ತಂಡ ಬಂದರೆ ಗಲಾಟೆ ಹತೋಟಿಗೆ ಬರುತ್ತದೆ ಎಂಬ ನಿರೀಕ್ಷೆ ಇತ್ತು. ಒಂದು ಮಟ್ಟಿಗೆ ಬಂತು ಕೂಡ. ಆದರೆ ತಂಡ ಮಾಡಿದ ಮೊದಲ ಕೆಲಸ ಶಾಲೆಯ ಆಡಳಿತದವರನ್ನು ಅಧಿಕಾರದಿಂದ ಇಳಿಸಿದ್ದು. ಜೂನ್ ಕೊನೆಯ ಹೊತ್ತಿಗೆ ಅದರ ಕಣ್ಣೆದುರಿಗೇ ದೊಡ್ಡ ಖಂಡನಾ ಸಭೆ ನಡೆಯಿತು.

ನನ್ನ ಪ್ರಕಾರ ಮೊದಲ ತಿರುವು ಇದೇ. ಆ ಸಭೆಯಲ್ಲಿ ಉಪ ಮುಖ್ಯೋಪಾಧ್ಯಾಯಿನಿಯ ಕೈಗಳನ್ನು ಹಿಂದಕ್ಕೆ ಕಟ್ಟಿದರು, ತಲೆಗೆ ಎತ್ತರದ ಕಾಗದದ ಟೋಪಿ ಹಾಕಿದರು, ಮಂಡಿಯೂರಿಸಿದರು, ಮಿಲಿಟರಿ ತರಬೇತಿಗೆ ಇಟ್ಟಿದ್ದ ಮರದ ಬಂದೂಕುಗಳಿಂದ ಹೊಡೆದರು, ಬಾಯಿಗೆ ಮಣ್ಣು ತುರುಕಿದರು, ಮೈಮೇಲೆ ಉಗುಳಿದರು. ನಾಲ್ಕೈದು ಗಂಟೆ ಇದು ನಡೆಯಿತು. ಹೊಡೆದವರಿಗೆ ಆಮೇಲೆ ಏನೂ ಆಗಲಿಲ್ಲ. ಟೀಚರ್ ಮೇಲೆ ಕೈ ಮಾಡಬಹುದು, ಮಾಡಿದರೆ ಯಾರೂ ಕೇಳುವುದಿಲ್ಲ ಎಂದು ಹುಡುಗಿಯರು ಅಂದು ಕಲಿತರು. ಆ ಪಾಠ ಕಲಿಸಿದ್ದು ಸುಮ್ಮನೆ ನಿಂತು ನೋಡಿದ ಹಿರಿಯರು.

ಎರಡನೇ ಪ್ರಯತ್ನ ಉಪ ಮುಖ್ಯೋಪಾಧ್ಯಾಯಿನಿಯದೇ. ಆ ಸಭೆಯಾದ ಮೇಲೆ ಅವರು ಪಕ್ಷದ ಮೇಲಿನವರಿಗೆ ಪತ್ರ ಬರೆದರು. ತನಗೆ ಏನೇನು ಮಾಡಿದರು ಎಂದು ಒಂದೊಂದಾಗಿ ಬರೆದರು, ಆರೋಪಗಳು ಸುಳ್ಳು ಎಂದು ವಿವರಿಸಿದರು, ರಕ್ಷಣೆ ಕೇಳಿದರು. ಆ ಪತ್ರದ ಭಾಷೆ ಗಮನಿಸಬೇಕಾದದ್ದು. ಅದರಲ್ಲಿ ಪಕ್ಷದ ಮೇಲೆ ಒಂದೇ ಒಂದು ಕೆಟ್ಟ ಮಾತಿಲ್ಲ. ಹೊಡೆದದ್ದನ್ನು ಕೂಡ ಜನರ ಆಕ್ರೋಶದ ನಡುವೆ ನಡೆದದ್ದು ಎಂಬಂತೆ ಬರೆದಿದ್ದಾರೆ. 25 ವರ್ಷ ನಂಬಿದ್ದ ಪಕ್ಷ ತನ್ನ ಮಾತು ಕೇಳುತ್ತದೆ ಎಂಬ ಭರವಸೆ ಆ ಕಾಗದದ ತುಂಬ ಇದೆ.

ಪತ್ರಕ್ಕೆ ಉತ್ತರ ಬರಲಿಲ್ಲ.

ಉತ್ತರ ಬರೆಯದಿದ್ದುದೂ ಒಂದು ತೀರ್ಮಾನವೇ. ಒಬ್ಬ ಅಧಿಕಾರಿ ಹೌದು ಎಂದು ಬರೆದಿದ್ದರೆ ನಾಳೆ ಅವನ ಮೇಲೂ ಪೋಸ್ಟರ್ ಬರಬಹುದಿತ್ತು. ಇಲ್ಲ ಎಂದು ಬರೆದರೆ ಅದು ಅವನ ಕೈಬರಹದಲ್ಲಿ ಉಳಿಯುತ್ತಿತ್ತು. ಏನೂ ಬರೆಯದಿರುವುದೇ ಅವನಿಗೆ ಕ್ಷೇಮ. ಆ ತಿಂಗಳುಗಳಲ್ಲಿ ಬೀಜಿಂಗ್‌ನ ಎಷ್ಟೋ ಮೇಜುಗಳ ಮೇಲೆ ಇಂಥ ಪತ್ರಗಳು ಹೀಗೇ ಬಿದ್ದಿದ್ದವು. ಅತ್ತ ಅವರ ಮನೆಯ ಬಾಗಿಲಿಗೂ ಬೆದರಿಕೆಯ ಪೋಸ್ಟರ್ ಅಂಟಿಸಿ ಹೋಗಿದ್ದರು.

ಜುಲೈ ಕೊನೆ: ಬಾಗಿಲು ತೆರೆದದ್ದು

ಜುಲೈ 18ರಂದು ಮಾವೋ ಬೀಜಿಂಗ್‌ಗೆ ಮರಳಿದರು. ಕಾರ್ಯತಂಡಗಳು ವಿದ್ಯಾರ್ಥಿಗಳ ಕ್ರಾಂತಿಯನ್ನು ಅದುಮುತ್ತಿವೆ ಎಂದು ಸಿಟ್ಟಾದರು. ತಿಂಗಳ ಕೊನೆಯಲ್ಲಿ ಎಲ್ಲಾ ತಂಡಗಳನ್ನು ವಾಪಸ್ ಕರೆಸಲಾಯಿತು. ಈ ಶಾಲೆಯ ತಂಡವೂ ಹೊರಟುಹೋಯಿತು. ಅದರ ಜಾಗಕ್ಕೆ ಯಾರೂ ಬರಲಿಲ್ಲ. ಶಾಲೆಯ ಆಡಳಿತವನ್ನು ತಂಡ ಮೊದಲೇ ಇಳಿಸಿತ್ತು, ಈಗ ತಂಡವೂ ಇಲ್ಲ, ಪೊಲೀಸರು ಶಾಲೆಯೊಳಗೆ ಬರುತ್ತಿರಲಿಲ್ಲ. ಅಂದರೆ ಸಾವಿರಕ್ಕೂ ಹೆಚ್ಚು ಮಕ್ಕಳಿದ್ದ ಜಾಗದಲ್ಲಿ ನಿಲ್ಲಿಸಿ ಎಂದು ಹೇಳುವ ಹಕ್ಕಿದ್ದ ಒಬ್ಬ ಹಿರಿಯರೂ ಉಳಿಯಲಿಲ್ಲ.

ಆಗಸ್ಟ್ 1ರಂದು ಮಾವೋ ಛಿಂಗ್‌ಹುವಾ ವಿಶ್ವವಿದ್ಯಾಲಯಕ್ಕೆ ಸೇರಿದ ಶಾಲೆಯ ರೆಡ್ ಗಾರ್ಡ್ (ಮಾವೋ ಪರ ವಿದ್ಯಾರ್ಥಿ ದಳ) ಹುಡುಗರಿಗೆ ಬೆಂಬಲದ ಪತ್ರ ಬರೆದರು. ದಂಗೆ ಏಳುವುದು ನ್ಯಾಯ ಎಂಬ ಮಾತಿಗೆ ದೇಶದ ಅತಿ ದೊಡ್ಡ ಮುದ್ರೆ ಬಿತ್ತು. ಉಪ ಮುಖ್ಯೋಪಾಧ್ಯಾಯಿನಿಯ ಪತ್ರಕ್ಕೆ ಉತ್ತರ ಕೊಡದ ವ್ಯವಸ್ಥೆ ಇದು. ಹುಡುಗರ ಪತ್ರಕ್ಕೆ ಮಾವೋ ಅವರೇ ಉತ್ತರ ಬರೆದರು.

ಇದೇ ಹೊತ್ತಿಗೆ ಹುಟ್ಟಿನ ಲೆಕ್ಕವೂ ಜೋರಾಯಿತು. ಅಪ್ಪ ವೀರನಾದರೆ ಮಗನೂ ವೀರ, ಅಪ್ಪ ಪ್ರತಿಗಾಮಿಯಾದರೆ ಮಗ ನೀಚ ಎಂಬ ಘೋಷಣೆ ಶಾಲೆಯಿಂದ ಶಾಲೆಗೆ ಹಬ್ಬಿತು. ಕಾರ್ಮಿಕರ, ಬಡ ರೈತರ, ಪಕ್ಷದ ಅಧಿಕಾರಿಗಳ, ಸೈನಿಕರ, ಹುತಾತ್ಮರ ಮಕ್ಕಳು ಕೆಂಪು. ಜಮೀನ್ದಾರರ, ಶ್ರೀಮಂತ ರೈತರ, ಬಲಪಂಥೀಯರು ಎಂದು ಹಣೆಪಟ್ಟಿ ಹಚ್ಚಿಸಿಕೊಂಡವರ ಮಕ್ಕಳು ಕಪ್ಪು. ಆಗಸ್ಟ್ 4ರಂದು ಈ ಶಾಲೆಯ ಒಂದು ತರಗತಿಯಲ್ಲಿ ಸುಮಾರು 40 ಹುಡುಗಿಯರಲ್ಲಿ ಹತ್ತು ಮಂದಿಯನ್ನು ಕೆಟ್ಟ ಮನೆತನದವರು ಎಂದು ಒಂದೇ ಹಗ್ಗದಲ್ಲಿ ಕಟ್ಟಿ ನಿಲ್ಲಿಸಿದರು. ಹತ್ತು ಮಂದಿ ಕೆಂಪು ಮನೆತನದವರು ಕುರ್ಚಿಯಲ್ಲಿ ಕೂತು ಪ್ರಶ್ನೆ ಕೇಳಿದರು. ಉಳಿದ 20 ಮಂದಿ ನಡುವೆ. ಈ ದೃಶ್ಯ ನನ್ನನ್ನು ಬಹಳ ಕಾಡಿದೆ. ಜೂನ್‌ವರೆಗೆ ಒಂದೇ ಬೆಂಚಿನಲ್ಲಿ ಕೂತಿದ್ದವರು ಇವರು. ಕ್ರಾಂತಿ ಹುಟ್ಟಿನ ಭೇದ ಅಳಿಸುತ್ತದೆ ಎಂದು ಓದಿದ್ದ ಮಕ್ಕಳೇ ಹುಟ್ಟಿನ ಮೇಲೆ ಹೊಸ ಜಾತಿ ಕಟ್ಟಿದರು. ಮತ್ತು ನಡುವಿನ ಆ 20 ಮಂದಿಗೆ ಸುಮ್ಮನಿರುವುದಕ್ಕಿಂತ ಹೊಡೆಯುವುದು ಹೆಚ್ಚು ಕ್ಷೇಮ ಅನ್ನಿಸುವ ಸ್ಥಿತಿ ಬಂತು.

ಅದೇ ದಿನ ಮಧ್ಯಾಹ್ನ ಕೆಲವು ವಿದ್ಯಾರ್ಥಿನಿಯರು ಆಡಳಿತದವರ ಕೋಣೆಗೆ ನುಗ್ಗಿ ಹೊಡೆದರು. ಆ ರಾತ್ರಿ ಮನೆಯಲ್ಲಿ, ತನ್ನಂಥವರನ್ನು ಕೊಂದರೆ ನಾಯಿ ಕೊಂದಷ್ಟೇ ಎಂಬ ಮಾತನ್ನು ಅವರು ಪತಿಗೆ ಹೇಳಿದ್ದರು. ಏನಾಗಬಹುದು ಎಂದು ಅವರಿಗೆ ಗೊತ್ತಿತ್ತು. ಮನೆಯಲ್ಲಿದ್ದವರು ನಾಳೆ ಹೋಗಬೇಡಿ ಎಂದು ಬೇಡಿಕೊಂಡರು. ಬೆಳಿಗ್ಗೆ ಎದ್ದು ಅವರು ಶಾಲೆಗೆ ಹೋದರು.

ಯಾಕೆ ಹೋದರು? ಓಡಿಹೋಗಬಹುದಿತ್ತಲ್ಲ ಎಂದು ದೂರದಿಂದ ಹೇಳುವುದು ಸುಲಭ. ಆಗಿನ ಚೀನಾದಲ್ಲಿ ಮನೆ, ಸಂಬಳ, ರೇಷನ್, ಗುರುತು ಎಲ್ಲವೂ ಕೆಲಸದ ಜಾಗಕ್ಕೆ ಕಟ್ಟಿಹಾಕಿತ್ತು. ಬೇರೆ ಊರಿಗೆ ಹೋದರೆ ಉಳಿಯಲು ಕಾಗದ ಬೇಕು, ಊಟಕ್ಕೆ ಧಾನ್ಯದ ಕೂಪನ್ ಬೇಕು. ತಪ್ಪಿಸಿಕೊಂಡವರು ಅಪರಾಧಿ ಎಂದು ತಾವೇ ಒಪ್ಪಿಕೊಂಡಂತೆ. ಹಿಂದೆ ನಾಲ್ಕು ಮಕ್ಕಳು. ಎಲ್ಲಕ್ಕಿಂತ ಹೆಚ್ಚಾಗಿ ತಾನು ತಪ್ಪು ಮಾಡಿಲ್ಲ ಎಂಬ ನಂಬಿಕೆ. ಇದನ್ನು ಹೆಡ್ಡತನ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಆ ಮಧ್ಯಾಹ್ನ

ಆಗಸ್ಟ್ 5ರ ಮಧ್ಯಾಹ್ನ ಎರಡು ಗಂಟೆ ಸುಮಾರಿಗೆ ಶುರುವಾಯಿತು. ಶಾಲೆಯ ಐವರು ಆಡಳಿತದವರನ್ನು ಹಿಡಿದು ಮೈಮೇಲೆ ಮಸಿ ಸುರಿದರು, ಟೋಪಿ ಹಾಕಿದರು, ಕೊರಳಿಗೆ ಹಲಗೆ ನೇತುಹಾಕಿ ಮೆರವಣಿಗೆ ಮಾಡಿಸಿದರು, ನಾನು ಕೆಟ್ಟವಳು ಎಂದು ಕೂಗಿಸಿದರು. ಆಟದ ಮೈದಾನದಲ್ಲಿ ಮಣ್ಣು ಹೊರಿಸಿದರು. ಮರಗೆಲಸದ ಕೋಣೆಯಿಂದ ಮುರಿದ ಮೇಜು ಕುರ್ಚಿಗಳ ಕಾಲುಗಳು ಬಂದವು, ಕೆಲವುಗಳಲ್ಲಿ ಮೊಳೆ ಹಾಗೇ ಇತ್ತು. ಬಾಯ್ಲರ್ ಕೋಣೆಯಿಂದ ಬಿಸಿ ನೀರು ತಂದರು. ಹಾಸ್ಟೆಲಿನ ಶೌಚಾಲಯ ತೊಳೆಸಿದರು. ಮೂರು ಗಂಟೆ ಹೊತ್ತು ಇದು ನಡೆಯಿತು. ಸಂಜೆ ಐದರ ಸುಮಾರಿಗೆ ಉಪ ಮುಖ್ಯೋಪಾಧ್ಯಾಯಿನಿಗೆ ಪ್ರಜ್ಞೆ ತಪ್ಪಿತು.

ಅವರನ್ನು ಕಸ ಸಾಗಿಸುವ ಕೈಗಾಡಿಗೆ ಹಾಕಿ, ಮೇಲೆ ಪೋಸ್ಟರ್ ಕಾಗದ ಮುಚ್ಚಿದರು. ಆಸ್ಪತ್ರೆ ಇದ್ದದ್ದು ರಸ್ತೆಯ ಆಚೆ ಬದಿಗೆ. ಅಷ್ಟು ದೂರ ಹೋಗಲು ಸುಮಾರು ಎರಡು ಗಂಟೆ ಹಿಡಿಯಿತು, ಯಾಕೆಂದರೆ ಕ್ರಾಂತಿಯ ಶತ್ರು ಎಂದು ಹಣೆಪಟ್ಟಿ ಬಿದ್ದ ಒಬ್ಬರನ್ನು ಆಸ್ಪತ್ರೆಗೆ ಸೇರಿಸಲು ಯಾರ ಅನುಮತಿ ಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ, ತಾನೇ ಅನುಮತಿ ಕೊಡುತ್ತೇನೆ ಎನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ. ಅಲ್ಲಿಗೆ ತಲುಪುವ ಹೊತ್ತಿಗೆ ಜೀವ ಹೋಗಿತ್ತು. ಉಳಿದ ನಾಲ್ವರು ಬದುಕಿದರು, ತೀವ್ರ ಗಾಯಗಳೊಂದಿಗೆ. ಸಾವಿನ ಪತ್ರದಲ್ಲಿ ಕಾರಣ ತಿಳಿದಿಲ್ಲ ಎಂದು ಬರೆದರು.

ಆ ರಾತ್ರಿ ಕೆಲವು ವಿದ್ಯಾರ್ಥಿ ಮುಖಂಡರು ನಗರದ ಪಕ್ಷದ ಹಿರಿಯ ಅಧಿಕಾರಿಯೊಬ್ಬರಿಗೆ ವರದಿ ಕೊಟ್ಟರು. ಇಷ್ಟು ದೊಡ್ಡ ಚಳವಳಿಯಲ್ಲಿ ಸಾವು ತಪ್ಪಿಸಲು ಆಗುವುದಿಲ್ಲ, ಸತ್ತವರು ಸತ್ತರು, ಸುದ್ದಿ ಹರಡದಂತೆ ನೋಡಿಕೊಳ್ಳಿ ಎಂಬ ಅರ್ಥದ ಉತ್ತರ ಸಿಕ್ಕಿತು ಎಂದು ಅವರು ಎಷ್ಟೋ ವರ್ಷಗಳ ಮೇಲೆ ನೆನಪಿಸಿಕೊಂಡಿದ್ದಾರೆ. ಈ ಪ್ರಕರಣದ ಕೊನೆಯ ತಿರುವು ಇದು. ಅಂದು ಒಬ್ಬರನ್ನು ವಿಚಾರಣೆ ಮಾಡಿದ್ದರೂ, ಒಂದು ಶಾಲೆಯ ಬಾಗಿಲು ಮುಚ್ಚಿದ್ದರೂ ನಗರಕ್ಕೆಲ್ಲ ಒಂದು ಸಂದೇಶ ಹೋಗುತ್ತಿತ್ತು. ಹೋದದ್ದು ಬೇರೆ ಸಂದೇಶ.

ಆಮೇಲೆ

ಆಗಸ್ಟ್ 18ರಂದು ತಿಯಾನನ್‌ಮೆನ್ ಚೌಕದಲ್ಲಿ ಮಾವೋ ಸುಮಾರು ಹತ್ತು ಲಕ್ಷ ಜನರಿಗೆ ದರ್ಶನ ಕೊಟ್ಟರು. ಅಲ್ಲಿ ಅವರ ತೋಳಿಗೆ ರೆಡ್ ಗಾರ್ಡ್ ಪಟ್ಟಿ ಕಟ್ಟಿದ್ದು ಇದೇ ಶಾಲೆಯ ಒಬ್ಬ ವಿದ್ಯಾರ್ಥಿನಿ. ಒಂದು ಕೊಲೆ ನಡೆದು ಎರಡು ವಾರ ಆಗಿರಲಿಲ್ಲ. ಕೆಲವು ದಿನಗಳ ಮೇಲೆ ವಿದ್ಯಾರ್ಥಿ ಚಳವಳಿಯನ್ನು ಪೊಲೀಸರು ಅದುಮಬಾರದು ಎಂಬ ಆದೇಶ ಹೊರಬಿತ್ತು. ಅಧಿಕೃತ ಲೆಕ್ಕದ ಪ್ರಕಾರವೇ ಆ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಬೀಜಿಂಗ್‌ನಲ್ಲಿ 1,772 ಜನ ಸತ್ತರು. ನಗರದ ದಕ್ಷಿಣಕ್ಕಿರುವ ದಾಶಿಂಗ್ ಜಿಲ್ಲೆಯಲ್ಲಿ ಆಗಸ್ಟ್ ಕೊನೆಯ ಕೆಲವೇ ದಿನಗಳಲ್ಲಿ 325 ಜನರನ್ನು ಕೊಂದರು, ಅವರಲ್ಲಿ ಹಸುಗೂಸುಗಳೂ ಇದ್ದವು.

ಶುದ್ಧೀಕರಣ ಅಲ್ಲಿಗೆ ನಿಲ್ಲಲಿಲ್ಲ. ಕಾರ್ಯತಂಡ ಕಳಿಸಿದ್ದ ಲಿಯು ಶಾವೊಚಿ, ದೇಶದ ಅಧ್ಯಕ್ಷರಾಗಿದ್ದವರು, 1969ರ ನವೆಂಬರ್‌ನಲ್ಲಿ ಕೈಫೆಂಗ್‌ನಲ್ಲಿ ಬಂಧನದಲ್ಲೇ, ಚಿಕಿತ್ಸೆಯಿಲ್ಲದೆ ಸತ್ತರು. ಆಗಸ್ಟ್‌ನಲ್ಲಿ ಕೆಂಪು ಮನೆತನದವರು ಎಂದು ಕುರ್ಚಿಯಲ್ಲಿ ಕೂತ ಎಷ್ಟೋ ಹುಡುಗಿಯರ ಅಪ್ಪ ಅಮ್ಮಂದಿರು ಒಂದೆರಡು ವರ್ಷದಲ್ಲಿ ತಾವೇ ಕೊರಳಿಗೆ ಹಲಗೆ ಹಾಕಿಕೊಂಡು ನಿಲ್ಲಬೇಕಾಯಿತು.

ಈ ಎಲ್ಲದರ ನಡುವೆ ಒಬ್ಬ ಮನುಷ್ಯ ಬೇರೆಯದೇ ತೀರ್ಮಾನ ತೆಗೆದುಕೊಂಡರು. ಹೆಂಡತಿ ಸತ್ತ ಮಾರನೇ ದಿನ ಪತಿ ಒಂದು ಕ್ಯಾಮೆರಾ ಕೊಂಡುತಂದರು. ಗಾಯಗಳಿಂದ ಊದಿದ್ದ ದೇಹದ ಫೋಟೋ ತೆಗೆದರು. ರಕ್ತ, ಮಸಿ, ಹೊಲಸು ಮೆತ್ತಿದ ಬಟ್ಟೆಗಳನ್ನು ತೊಳೆಯದೆ ಎತ್ತಿಟ್ಟರು. ಮನೆಯ ಬಾಗಿಲಿಗೆ ಅಂಟಿಸಿದ್ದ ಪೋಸ್ಟರುಗಳ ಫೋಟೋವನ್ನೂ ತೆಗೆದರು. ಹೆಂಡತಿಯ ಪತ್ರದ ಕರಡನ್ನು ಉಳಿಸಿಕೊಂಡರು. ಆ ದಿನಗಳಲ್ಲಿ ಮನೆ ಮನೆ ಶೋಧ ನಡೆಯುತ್ತಿತ್ತು. ಸಿಕ್ಕಿದ್ದರೆ ಅವರ ಗತಿ ಏನಾಗುತ್ತಿತ್ತು ಎಂದು ಹೇಳಬೇಕಾಗಿಲ್ಲ. ಆಗ ದೂರು ಕೊಡಲು ಒಂದು ಕಚೇರಿಯೂ ಇರಲಿಲ್ಲ, ಮುಂದೆ ಯಾವತ್ತಾದರೂ ಇರುತ್ತದೆ ಎಂಬ ಭರವಸೆಯೂ ಇರಲಿಲ್ಲ. ಆದರೂ ಇತಿಹಾಸ ಓದಿದ ಆ ಮನುಷ್ಯ ಪುರಾವೆ ಉಳಿಸಿದರು. ಈ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಗೌರವ ಕೊಡುವ ತೀರ್ಮಾನ ಇದೇ. ಇವತ್ತು ಈ ಘಟನೆ ಇಷ್ಟು ವಿವರವಾಗಿ ಗೊತ್ತಿರುವುದಕ್ಕೆ ಮುಖ್ಯ ಕಾರಣ ಅವರು.

ಈ ಪ್ರಕರಣ ಏನು ತೋರಿಸುತ್ತದೆ

ಇದನ್ನು ಗುಂಪಿನ ಹುಚ್ಚು ಎಂದು ಕರೆದು ಮುಗಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹುಚ್ಚಿಗೆ ದಿನಾಂಕ ಇರುವುದಿಲ್ಲ. ಇಲ್ಲಿ ಮೇ 16, ಜೂನ್ 1, ಜುಲೈ ಕೊನೆ, ಆಗಸ್ಟ್ 1 ಹೀಗೆ ಒಂದೊಂದು ದಿನಕ್ಕೂ ಮೇಲಿನಿಂದ ಒಂದೊಂದು ತೀರ್ಮಾನ ಇದೆ, ಪ್ರತಿ ತೀರ್ಮಾನದ ಬೆನ್ನಿಗೇ ಶಾಲೆಯೊಳಗೆ ಒಂದು ಮೆಟ್ಟಿಲು ಹತ್ತಿದ್ದು ಕಾಣುತ್ತದೆ. ಮೇಲಿನವರು ಈಕೆಯನ್ನು ಕೊಲ್ಲಿ ಎಂದು ಯಾವ ಕಾಗದದಲ್ಲೂ ಬರೆಯಲಿಲ್ಲ. ಬರೆಯುವ ಅಗತ್ಯವೂ ಬೀಳಲಿಲ್ಲ. ಯಾರು ಶತ್ರು ಎಂದು ಹೇಳಿದರು, ತಡೆಯುವವರನ್ನು ಒಬ್ಬೊಬ್ಬರಾಗಿ ತೆಗೆದರು, ಹೊಡೆದವರನ್ನು ಕೇಳಲಿಲ್ಲ. ಅಷ್ಟು ಸಾಕಾಯಿತು.

ಹಾಗೆಂದು ಹೊಡೆದವರ ಹೊಣೆ ಇಳಿಯುವುದಿಲ್ಲ. ಅದೇ ಶಾಲೆಯಲ್ಲಿ, ಅದೇ ವಯಸ್ಸಿನ, ಅದೇ ರೇಡಿಯೋ ಕೇಳಿದ ನೂರಾರು ಹುಡುಗಿಯರು ದೊಣ್ಣೆ ಎತ್ತಲಿಲ್ಲ. ಮೇಲಿನವರ ಹೊಣೆ ಎಂದರೆ ಕೆಳಗಿನವರು ಬಚಾವ್, ಕೆಳಗಿನವರ ಹೊಣೆ ಎಂದರೆ ಮೇಲಿನವರು ಬಚಾವ್ ಎಂಬಂತೆ ವಾದ ಮಾಡುವವರನ್ನು ಬಹಳ ನೋಡಿದ್ದೇನೆ. ಎರಡೂ ಹೊಣೆ ಪೂರ್ತಿ ಪೂರ್ತಿಯಾಗಿಯೇ ಇರಬಹುದು.

ಇನ್ನು ನ್ಯಾಯದ ಮಾತು. ಮಾವೋ ಸತ್ತು ಎರಡು ವರ್ಷದ ಮೇಲೆ, 1978ರಲ್ಲಿ, ಉಪ ಮುಖ್ಯೋಪಾಧ್ಯಾಯಿನಿಯ ಮೇಲಿನ ಆರೋಪಗಳು ಸುಳ್ಳು ಎಂದು ಪಕ್ಷ ಅಧಿಕೃತವಾಗಿ ಒಪ್ಪಿ ಹೆಸರನ್ನು ಸರಿಪಡಿಸಿತು. 1981ರ ಜೂನ್‌ನಲ್ಲಿ ಸಾಂಸ್ಕೃತಿಕ ಕ್ರಾಂತಿ ದೊಡ್ಡ ತಪ್ಪು ಎಂದು ಪಕ್ಷದ ನಿರ್ಣಯವೇ ಹೇಳಿತು. ಆದರೆ ಆಗಸ್ಟ್ 5ರ ಕೊಲೆಗೆ ಯಾರಿಗೂ ಶಿಕ್ಷೆ ಆಗಲಿಲ್ಲ. ಪತಿ ಕಾನೂನಿನ ದಾರಿಯಲ್ಲಿ ವರ್ಷಗಟ್ಟಲೆ ಓಡಾಡಿದರು, ಅವಧಿ ಮೀರಿದೆ ಎಂಬಲ್ಲಿಗೆ ಅದು ನಿಂತಿತು. ಯಾರು ಹೊಡೆದರು ಎಂಬ ತನಿಖೆಯ ವರದಿ ಹೊರಬರಲೇ ಇಲ್ಲ. ಸತ್ತವರು ನಿರಪರಾಧಿ ಎಂದು ಒಪ್ಪಿಕೊಳ್ಳುವುದು ಪಕ್ಷಕ್ಕೆ ಕಷ್ಟವಾಗಲಿಲ್ಲ. ಕೊಂದವರು ಯಾರು ಎಂದು ಕೇಳಿದ್ದರೆ ಆ ಪ್ರಶ್ನೆ ಶಾಲೆಯ ಗೇಟಿನಿಂದ ಹೊರಟು ಆದೇಶ ಕೊಟ್ಟವರ ಮನೆಬಾಗಿಲಿಗೂ ಹೋಗುತ್ತಿತ್ತು, ಆದ್ದರಿಂದ ಅದನ್ನು ಕೇಳಲಿಲ್ಲ ಎಂದು ನಾನು ತಿಳಿದಿದ್ದೇನೆ.

2014ರ ಜನವರಿಯಲ್ಲಿ, ಘಟನೆ ನಡೆದು 47 ವರ್ಷದ ಮೇಲೆ, ಅಂದಿನ ಕೆಲವು ವಿದ್ಯಾರ್ಥಿನಿಯರು ಅದೇ ಶಾಲೆಯಲ್ಲಿ ಸೇರಿ ಬಹಿರಂಗವಾಗಿ ಕ್ಷಮೆ ಕೇಳಿದರು. ಅವರಲ್ಲಿ ಪ್ರಮುಖರಾದವರು ಹೇಳಿದ್ದು, ಶಾಲೆಯ ಹಿರಿಯರನ್ನು ಸರಿಯಾಗಿ ಕಾಪಾಡಲಿಲ್ಲ ಎಂದು. ಯಾರು ಹೊಡೆದರು ಎಂಬುದು ಆ ಮಾತಿನಲ್ಲಿ ಇರಲಿಲ್ಲ. ತೊಂಬತ್ತು ದಾಟಿದ್ದ ಪತಿ ಆ ಕ್ಷಮೆಯನ್ನು ತಿರಸ್ಕರಿಸಿದರು. ಆಗಸ್ಟ್ 5ರಂದು ನಡೆದದ್ದರ ಪೂರ್ತಿ ಸತ್ಯ ಹೊರಗೆ ಬರುವವರೆಗೆ ಕ್ಷಮೆ ಒಪ್ಪುವುದಿಲ್ಲ ಎಂದು ಬರೆದು ತಿಳಿಸಿದರು. ಅದು ಹಟ, ಇಷ್ಟು ವರ್ಷದ ಮೇಲೆ ಬಿಡಬಹುದಿತ್ತು ಎಂದವರೂ ಇದ್ದರು. ಪತಿಗೆ ಬೇಕಾಗಿದ್ದದ್ದು ಅರ್ಧ ಶತಮಾನದಿಂದ ಒಂದೇ, ಹೊಡೆದವರ ಹೆಸರು. 2021ರಲ್ಲಿ ಅವರು ತೀರಿಕೊಂಡರು. ಆ ಹೆಸರುಗಳನ್ನು ಅಧಿಕೃತವಾಗಿ ಅವರಿಗೆ ಯಾರೂ ಹೇಳಲಿಲ್ಲ.